ಅಗಾಯ್ ಬಿಟ್ಟುಹೋದ ಪೆಡಲ್

"ಏಯ್ ಬುರುಲ್, ಆ ಕೆಂಪು ಪೆಡಲ್ ನಂದು! ಮುಟ್ಟಿದ್ರೆ ನೋಡು!" ಎಂದು ಎರ್ಮೆಕ್ ಕೂಗಿದ.

"ನಿನ್ನ ಕಿರುಚೋ ಪೆಡಲ್ ಯಾರಿಗೆ ಬೇಕೋ? ನೀನೇ ಇಟ್ಕೋ," ಎಂದು ಬುರುಲ್ ಮೂತಿ ತಿರುವಿದಳು.

ಇಬ್ಬರೂ ಅಗಾಯ್ ಅವರ ಕೋಣೆಯಲ್ಲಿ ಕಂಬಳಿಯ ಮೇಲೆ ಕೂತಿದ್ದರು. ಅಗಾಯ್ ಅಂದರೆ ಸಗಿನ್ ಮೇಷ್ಟ್ರು. ಟೊಕ್ಮೊಕ್ ಊರಿನ ಮಕ್ಕಳಿಗೆಲ್ಲ ಎಲೆಕ್ಟ್ರಿಕ್ ಗಿಟಾರ್ ಕಲಿಸಿದ ಅಜ್ಜ. ಕಳೆದ ತಿಂಗಳು ತೀರಿಕೊಂಡರು. ತುಂಬು ಬಾಳು ಬಾಳಿದವರ ಸಾಮಾನು ಪಡೆದವರಿಗೆ ಅವರ ಆಯುಸ್ಸೂ ಬರುತ್ತದಂತೆ. ಅದಕ್ಕೇ ಅವರ ಹೆಂಡತಿ ಜಿಪಾರ್ ಎಜೆ ಶಿಷ್ಯರನ್ನು ಕರೆದು, "ಒಬ್ಬೊಬ್ರು ಒಂದೊಂದು ಪೆಡಲ್ ಆರಿಸ್ಕೊಳ್ರಪ್ಪಾ" ಎಂದಿದ್ದರು.

ಗಿಟಾರಿನ ದನಿ ಬದಲಿಸಲು ಕಾಲಲ್ಲಿ ಒತ್ತುವ ಪುಟ್ಟ ಡಬ್ಬಿಗಳವು. ಒಂದು ಪೆಡಲ್ ಒತ್ತಿದರೆ ಗಿಟಾರ್ ಕಿರುಚುತ್ತಿತ್ತು, ಇನ್ನೊಂದು ಒತ್ತಿದರೆ ನಡುಗುತ್ತಿತ್ತು. ಯಾವುದು ತಗೊಳ್ಳುವುದು? ಭಾನುವಾರ ಶಾಲೆಯ ಕಾರ್ಯಕ್ರಮದಲ್ಲಿ ಬುರುಲ್ ಒಬ್ಬಳೇ ನುಡಿಸಬೇಕು. ಪಕ್ಕದಲ್ಲಿ ಅಗಾಯ್ ಇರುವುದಿಲ್ಲ. ನೆನೆದರೇ ಅಳು ಬರುತ್ತಿತ್ತು.

ಅವತ್ತು ಗುರುವಾರ, ಸತ್ತವರ ನೆನಪಿಗೆ ಎಣ್ಣೆ ಕಾಯಿಸುವ ದಿನ. ಅಡುಗೆಮನೆಯಲ್ಲಿ ಜಿಪಾರ್ ಎಜೆ ಹಿಟ್ಟಿನ ಬೋರ್ಸೋಕ್ ಕರಿಯುತ್ತಿದ್ದರು. ಕಾದ ಎಣ್ಣೆಯ ವಾಸನೆ ಸತ್ತವರಿಗೂ ಮುಟ್ಟುತ್ತದೆ, ಅದನ್ನು ಹಿಡಿದು ಅವರು ಮನೆಗೆ ಬಂದು ಹೋಗುತ್ತಾರೆ. ಇದು ಆ ಊರಿನ ಎಲ್ಲ ಮಕ್ಕಳಿಗೂ ಗೊತ್ತು.

ಮೂಲೆಯಲ್ಲಿ ಸ್ಪೀಕರಿಗೆ ಸಿಕ್ಕಿಸಿಟ್ಟಿದ್ದ ಕಪ್ಪು ಪೆಡಲನ್ನು ಬುರುಲ್ ಸುಮ್ಮನೆ ಒತ್ತಿದಳು.

ಸ್ಪೀಕರಿನಲ್ಲಿ ಗಿಟಾರ್ ನುಡಿಯತೊಡಗಿತು!

ಗಿಟಾರ್ ಗೋಡೆಗೆ ಒರಗಿಕೊಂಡೇ ಇತ್ತು. ಒಂದು ತಂತಿಯೂ ಅಲುಗಿರಲಿಲ್ಲ. ಆದರೆ ನಡುವೆ ಚೂರು ತಡವರಿಸುವ ಆ ಬೆರಳು ಅಗಾಯ್‌ದೇ.

"ಅಯ್ಯಯ್ಯೋ, ವಾಸನೆಗೆ ಬಂದೇಬಿಟ್ರು ಕಣೇ!" ಎಂದು ಎರ್ಮೆಕ್ ಬರಿಗಾಲಲ್ಲೇ ಅಂಗಳಕ್ಕೆ ಓಟ ಕಿತ್ತ.

ಬುರುಲ್‌ಗೆ ಏಳಲೂ ಆಗಲಿಲ್ಲ. ಹಾಡು ಅರ್ಧಕ್ಕೇ ನಿಂತಿತು. ಕೋಣೆಯೆಲ್ಲ ಗಪ್‌ಚುಪ್. ಪಾಠದಲ್ಲೂ ಅಗಾಯ್ ಹೀಗೇ ಅರ್ಧ ನುಡಿಸಿ ನಿಲ್ಲಿಸುತ್ತಿದ್ದರು. ಉಳಿದರ್ಧ ಬುರುಲ್ ನುಡಿಸಬೇಕಿತ್ತು. ಈಗಲೂ ಯಾರೋ ತನಗಾಗಿ ಕಾಯುತ್ತಿದ್ದಾರೆ ಅನ್ನಿಸಿತು.

ಹಾಡು ಮತ್ತೆ ಮೊದಲಿಂದ ಶುರುವಾಯಿತು. ಅದೇ ಜಾಗದಲ್ಲಿ ತಡವರಿಸಿತು, ಅದೇ ಜಾಗದಲ್ಲಿ ನಿಂತಿತು. ಆಗ ಅವಳಿಗೆ ಹೊಳೆಯಿತು. ಇದು ನುಡಿಸಿದ್ದನ್ನು ಹಿಡಿದಿಟ್ಟು ತಿರುಗಿ ಕೇಳಿಸುವ ಪೆಡಲ್! ಹೋದ ಜೀವ ಬಂದಂತಾಯಿತು.

ಬಾಗಿಲಲ್ಲಿ ಜಿಪಾರ್ ಎಜೆ ನಿಂತಿದ್ದರು. ಕೈಯಲ್ಲಿದ್ದ ಜಾಲರಿ ಸೌಟಿನಿಂದ ಎಣ್ಣೆ ತೊಟ್ಟಿಕ್ಕುತ್ತಿತ್ತು.

"ಬಂದ್ರಾ?" ಎಂದರು ಮೆಲ್ಲಗೆ. ಕೇಳಿದ್ದು ಬುರುಲ್‌ಳನ್ನಲ್ಲ.

"ಎಜೆ, ಅದು... ಪೆಡಲ್ಲು. ಅಗಾಯ್ ಯಾವತ್ತೋ ನುಡಿಸಿದ್ದು ಇದರೊಳಗೆ ಉಳ್ಕೊಂಡಿದೆ."

ಎಜೆ ಕಣ್ಣೊರೆಸಿಕೊಂಡರು. "ನಿನ್ನ ಕೈಗೇ ಸಿಕ್ತಲ್ಲ ಮಗಳೇ. ನಿಂಗೇ ಇರ್ಲಿ, ತಗೊಂಡ್ಹೋಗು."

ಬುರುಲ್‌ಗೆ ಕುಣಿಯುವಷ್ಟು ಖುಷಿ. ಭಾನುವಾರ ಅಗಾಯ್ ಅರ್ಧ ನುಡಿಸುತ್ತಾರೆ, ತಾನು ಅರ್ಧ! ಸರಸರನೆ ವಯರು ಕಿತ್ತು ಪೆಡಲನ್ನು ಎದೆಗೊತ್ತಿಕೊಂಡಳು.

ಕೋಣೆ ಮತ್ತೆ ಗಪ್‌ಚುಪ್ ಆಯಿತು. ಜಿಪಾರ್ ಎಜೆ ಮಾತ್ರ ಇನ್ನೂ ಸ್ಪೀಕರನ್ನೇ ನೋಡುತ್ತ ನಿಂತಿದ್ದರು. ಒಳಗೆ ಬೋರ್ಸೋಕ್ ಸೀದ ವಾಸನೆ ಬಂದರೂ ಅವರು ಕದಲಲಿಲ್ಲ.

ಬುರುಲ್‌ಗೆ ಪೆಡಲ್ ಬಿಡಲು ಮನಸ್ಸೇ ಬರಲಿಲ್ಲ. ಆಮೇಲೆ ವಯರುಗಳನ್ನು ಒಂದೊಂದಾಗಿ ಮತ್ತೆ ಸಿಕ್ಕಿಸಿದಳು.

"ಇದು ಇಲ್ಲೇ ಇರ್ಲಿ ಎಜೆ. ನಂಗೆ ಆ ನಡುಗಿಸೋ ಪೆಡಲ್ ಸಾಕು. ನೋಡಿ, ಇಲ್ಲಿ ಒತ್ತಿದ್ರೆ ಶುರು. ಬೇಗಬೇಗ ಎರಡ್ಸಲ ಒತ್ತಿದ್ರೆ ನಿಲ್ಲುತ್ತೆ. ಒತ್ತಿ ಹಿಡ್ಕೋಬೇಡಿ ಮಾತ್ರ, ಅಳಿಸಿಹೋಗುತ್ತೆ."

ಅದರ ಜೊತೆ ಎರ್ಮೆಕ್‌ನ ಕೆಂಪು ಪೆಡಲನ್ನೂ ಎತ್ತಿಕೊಂಡು ಹೊರಗೆ ಬಂದಾಗ ಅವನು ಗೇಟಿನ ಹಿಂದೆ ಅವಿತಿದ್ದ. ಅಷ್ಟರಲ್ಲಿ ಕಿಟಕಿಯಿಂದ ಗಿಟಾರ್ ಕೇಳಿಸಿತು. ಅರ್ಧಕ್ಕೆ ನಿಂತಿತು.

"ಈ ಸಲ ಒಂಚೂರು ಸೀದ್ಹೋಯ್ತು ಕಣ್ರೀ, ಬೈಬೇಡಿ," ಅಂದಿತು ಜಿಪಾರ್ ಎಜೆಯ ದನಿ.

ಗಿಟಾರ್ ಮತ್ತೆ ಶುರುವಾಯಿತು.

ಎರ್ಮೆಕ್ ಅವಳ ತೋಳು ಹಿಡಿದುಕೊಂಡ. "ಯಾರ ಹತ್ರ ಮಾತಾಡ್ತಿದಾರೆ ಕಣೇ?"

"ಅಗಾಯ್ ಹತ್ರ," ಎಂದಳು ಬುರುಲ್. ಅವಳಿಗೆ ಈಗ ಹೆದರಿಕೆ ಇರಲಿಲ್ಲ. "ಬಾ, ಸದ್ದು ಮಾಡ್ಬೇಡ."