ಸುದ್ದಿಯೊಳಗಿಲ್ಲದ ಕಲ್ಲು

ಶನಿವಾರ ಬೆಳಗ್ಗೆ ಐದೂವರೆಗೆ ದಿಲ್ಷಾದ್ ಪಾಂಡವಪುರ ಬಸ್ ನಿಲ್ದಾಣದೆದುರಿನ ಪೇಪರ್ ಅಂಗಡಿಗೆ ಬಂದಾಗ ಜಯಲಕ್ಷ್ಮಮ್ಮ ಕಟ್ಟು ಬಿಚ್ಚಿ ಪುರವಣಿ ಸೇರಿಸುತ್ತಿದ್ದರು. ಬೆಂಚಿನ ಮೇಲೆ ಕೂತು ಟೀ ಕುಡಿಯುತ್ತಿದ್ದ ಚಲುವರಾಜು ಅವಳ ಕೈಯಲ್ಲಿದ್ದ ಪತ್ರಿಕೆ ನೋಡಿ ಲೋಟ ಕೆಳಗಿಟ್ಟ. ಅದು ನಿನ್ನೆಯ ‘ತೀರವಾಣಿ’. ಮೊದಲ ಪುಟದ ತಲೆಬರಹ ಅವನೇ ಕೊಟ್ಟದ್ದು.

“ಜಯಕ್ಕ, ನಮ್ಮನೆಯೋರ್ನ ನಿನ್ನೆ ಸಂಜೆ ಟೇಸನ್ನಿಗೆ ಕರ್ಕೊಂಡೋದ್ರು,” ಎಂದಳು ದಿಲ್ಷಾದ್. “ದೇವರಾಜಣ್ಣನ ಮೆರವಣಿಗೆ ಮೇಲೆ ಕಲ್ಲು ಒಡದ್ರಂತೆ. ಇವತ್ತು ಸಂಜೆ ಐದಕ್ಕೆ ಜಡ್ಜ್ ಮುಂದೆ ನಿಲ್ಲಿಸ್ತಾರಂತೆ. ಅಲ್ಲಾನ ಆಣೆಗೂ ಅವ್ರು ಕಾಗೆಗೂ ಕಲ್ಲು ಎತ್ತಿದೋರಲ್ಲ. ಯಾರ್ದೋ ಬಾಣಂತಿ ಹಾಸ್ಗೆಗೆ ಅಂತ ತಾರಸಿ ಮೇಲೆ ಹತ್ತಿ ಒಣಗಾಕಿದ್ರು. ಅದ್ನ ಮಗುಚಾಕೋಕೆ ಓಗಿದ್ರು, ಅಷ್ಟೇ.”

ಅವಳ ಗಂಡ ಜಫರ್ ಹತ್ತಿ ಹಿಂಜಿ ಹಾಸಿಗೆ ಹೊಲಿಯುವವನು. ಗುರುವಾರ ಊರಿನ ನಾಯಕ ದೇವರಾಜುವಿನ ಮೆರವಣಿಗೆ ಹೋದದ್ದು ಅವನ ಅಂಗಡಿಯ ಮುಂದೆಯೇ. ನಿನ್ನೆಯಿಂದ ಬೀದಿಯವರು ಆ ಅಂಗಡಿಯ ಬಾಗಿಲು ತೆರೆಯಲು ಬಿಟ್ಟಿರಲಿಲ್ಲ.

“ಅಳಬ್ಯಾಡ. ಐದು ಗಂಟೆಗೆ ಇನ್ನೂ ಬೇಜಾನ್ ಟೈಮದೆ,” ಎಂದರು ಜಯಲಕ್ಷ್ಮಮ್ಮ. “ಚಲುವ, ಏಳ್ಲಾ. ನೀನೂ ಬಾ.”

ಗಂಡ ತೀರಿಕೊಂಡ ಮೇಲೆ ಏಜೆನ್ಸಿ ಹಿಡಿದ ಈ ಹೆಂಗಸು ಇಪ್ಪತ್ತೆರಡು ವರ್ಷದಿಂದ ಒಂದೇ ಸುದ್ದಿಯನ್ನು ಐದು ಪತ್ರಿಕೆಗಳು ಐದು ಥರ ಹೇಳುವುದನ್ನು ನೋಡುತ್ತಾ ಬಂದಿದ್ದರು. ಹಾಗೆ ಪಳಗಿದ ಕಣ್ಣಿಗೆ ಊರಿನ ಕಳವು, ಸುಳ್ಳು, ಮನೆಬಿಟ್ಟು ಹೋದವರ ಗುಟ್ಟು ಎಲ್ಲ ಒಂದೊಂದಾಗಿ ಸಿಕ್ಕಿಬೀಳುತ್ತಿದ್ದವು. ಪೊಲೀಸರೂ ಪೇಪರ್ ಕೊಳ್ಳುವ ನೆಪದಲ್ಲಿ ಬಂದು ಒಂದು ಮಾತು ಕೇಳಿಕೊಂಡು ಹೋಗುತ್ತಿದ್ದರು. ಚಲುವರಾಜು ಅವರ ಪಕ್ಕದ ಮನೆಯವನು. ಶ್ರೀರಂಗಪಟ್ಟಣದಲ್ಲಿ ‘ತೀರವಾಣಿ’ಯ ಉಪಸಂಪಾದಕ, ಅಲ್ಲಿಂದ ನಾಗಮಂಗಲದವರೆಗೆ ನಾಲ್ಕು ತಾಲ್ಲೂಕಿನ ಸುದ್ದಿಗೂ ಅವನದೇ ತಲೆಬರಹ. ಜಯಕ್ಕನ ಪ್ರತಿ ಪತ್ತೆಯಲ್ಲೂ ಬಾಲದಂತೆ ಹಿಂದೆ ಹೋಗಿ, ಆಮೇಲೆ ಅದನ್ನು ಒಗ್ಗರಣೆ ಹಾಕಿ ಹೇಳುವುದು ಅವನ ಖುಷಿ. ಇವತ್ತು ಮಾತ್ರ ಕಾಲು ಏಳಲೊಲ್ಲದು.

ಜಯಲಕ್ಷ್ಮಮ್ಮ ನಿನ್ನೆಯ ಐದೂ ಪತ್ರಿಕೆಗಳನ್ನು ಹಲಗೆಯ ಮೇಲೆ ಹರಡಿದರು. ನಾಲ್ಕರಲ್ಲಿ ‘ಮೆರವಣಿಗೆ ವೇಳೆ ದೇವರಾಜುಗೆ ಗಾಯ’ ಎಂದಿತ್ತು. ‘ತೀರವಾಣಿ’ಯಲ್ಲಿ ಮಾತ್ರ ದಪ್ಪಕ್ಷರದಲ್ಲಿ, ‘ಹಾಡಹಗಲೇ ಕಲ್ಲೇಟು: ನಾಯಕನ ನೆತ್ತರು ಹರಿಸಿದ ಕಿಡಿಗೇಡಿ!’

“ಸಂಜೆ ನಾಲ್ಕು ಗಂಟೆ ಮೆರವಣಿಗೆ. ಆಡಹಗಲೇ ಅಲ್ದೆ ಸರಿರಾತ್ರೀಲಿ ಮಾಡ್ತಾರಾ?” ಎಂದು ಕೆಂಪು ಪೆನ್ಸಿಲ್ಲಿನಿಂದ ಒಂದು ಸುತ್ತು ಹಾಕಿದರು. “ಈಗ ಒಳಗಿಂದು ಓದ್ಲಾ.”

ಚಲುವರಾಜು ಓದಿದ. “ಹಾರ ಹಾಕುವ ವೇಳೆ ತಲೆಗೆ ಏನೋ ತಗುಲಿ ಸಣ್ಣ ಗಾಯವಾಯಿತು. ಆಸ್ಪತ್ರೆಯಲ್ಲಿ ಪಟ್ಟಿ ಹಾಕಿಸಿಕೊಂಡು ದೇವರಾಜು ಮನೆಗೆ ಮರಳಿದರು.”

“ಕಲ್ಲು ಎಲ್ಲದೆ? ಕಿಡಿಗೇಡಿ ಎಲ್ಲವ್ನೆ?”

ಅವನು ಲೋಟ ಎತ್ತಿಕೊಂಡು ಆರಿದ ಟೀ ಕುಡಿದ. ಆ ಪ್ರಶ್ನೆಗೆ ಉತ್ತರ ಅವನ ಎದೆಯೊಳಗೇ ಕೂತಿತ್ತು.

ಚಿತ್ರ ಎಲ್ಲ ಪತ್ರಿಕೆಯಲ್ಲೂ ಒಂದೇ. ಒಬ್ಬನೇ ಫೋಟೋಗ್ರಾಫರ್ ಕಳಿಸಿದ್ದು. ಜೀಪಿನ ಮೇಲೆ ಮೈಸೂರು ಪೇಟ ತೊಟ್ಟು ನಗುತ್ತಾ ಕೈಮುಗಿದ ದೇವರಾಜು, ಹಿಂದೆ ತಾರಸಿಯ ಮೇಲೆ ಕೈಯೆತ್ತಿ ನಿಂತ ಜಫರ್. ‘ತೀರವಾಣಿ’ಯಲ್ಲಿ ಅಷ್ಟೇ ಇತ್ತು. ಇನ್ನೊಂದು ಪತ್ರಿಕೆಯಲ್ಲಿ ಅದೇ ಚಿತ್ರ ಅಗಲವಾಗಿತ್ತು, ಬಲಗಡೆ ಕ್ರೇನು, ಅದರಿಂದ ಇಳಿಬಿದ್ದ ಆಳೆತ್ತರದ ಸೇಬಿನ ಹಾರ ಕಾಣುತ್ತಿತ್ತು. ಎರಡು ಕಾಲಮ್ಮಿಗೆ ಹಿಡಿಸಲೆಂದು ಕ್ರೇನನ್ನು ಕತ್ತರಿಸಿದ್ದು ಚಲುವರಾಜುವಿಗೆ ನೆನಪಾಯಿತು. ಜಯಲಕ್ಷ್ಮಮ್ಮ ಎರಡನ್ನೂ ಪಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿದರು. ಆಮೇಲೆ ಅಟ್ಟದಿಂದ ಹೋದ ವರ್ಷದ ಕಟ್ಟೊಂದನ್ನು ಇಳಿಸಿ, ಹುಡುಕಿ, ಒಂದು ಹಾಳೆಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡರು. ಅದರ ಮೂಲೆಯಲ್ಲಿ ‘ಕೆ.ಆರ್.ಪೇಟೆ’ ಎಂದಿದ್ದದ್ದಷ್ಟೇ ಅವನ ಕಣ್ಣಿಗೆ ಬಿತ್ತು.

ಠಾಣೆಯಲ್ಲಿ ಎಸ್‌ಐ ಸಂತೋಷ್ ದೂರಿನ ಪ್ರತಿ ತೋರಿಸಿದರು. ಕೊಟ್ಟವನು ದೇವರಾಜುವಿನ ಬಲಗೈ ಕಿಶನ್, ಸಮಯ ಶುಕ್ರವಾರ ಹಗಲು ಹನ್ನೊಂದು. ‘ಹಾಡಹಗಲೇ ಕಿಡಿಗೇಡಿ ಜಫರ್ ಕಲ್ಲು ಎಸೆದು ನಾಯಕರ ನೆತ್ತರು ಹರಿಸಿದ್ದಾನೆ’ ಎಂದು ಬರೆದಿದ್ದ. ಮಧ್ಯಾಹ್ನ ಮೂರಕ್ಕೆ ಅಂಗಡಿ ಮುಂದೆ ಮಹಜರು ಎಂದರು ಸಂತೋಷ್. “ನಾವೂ ಬತ್ತೀವಿ,” ಎಂದರು ಜಯಲಕ್ಷ್ಮಮ್ಮ.

ದೇವರಾಜು ಮನೆಯ ಜಗುಲಿಯಲ್ಲಿ ಕೂತಿದ್ದರು. ಪಟ್ಟಿ ನಡುನೆತ್ತಿಯ ಮೇಲಿತ್ತು.

“ನಾನು ಏನೂ ನೋಡ್ಲಿಲ್ಲ ಕಣಮ್ಮ,” ಎಂದರು. “ಆರ ಇಳಿಸ್ತಾವ್ರೆ ಅಂತ ಪೇಟ ತೆಗೆದು ತಲೆ ಬಗ್ಸಿದ್ದೆ. ಪಟ್ ಅಂತ ಬಿತ್ತು.”

“ಕಲ್ಲು ಅಂತ ಯಾರೇಳಿದ್ರು?”

“ಮಾರನೆ ಬೆಳಿಗ್ಗೆ ಕಿಶನ್ ಏಳ್ದ.”

“ನಾನೇ ಕಣ್ಣಾರೆ ನೋಡಿವ್ನಿ,” ಎಂದು ಕಿಶನ್ ನಡುವೆ ಬಾಯಿ ಹಾಕಿದ. “ಜನ ತುಳ್ದು ಕಲ್ಲು ಎಲ್ಲೋ ಓಯ್ತು.”

“ಆರ ಕಟ್ಸಿದ್ದು ಯಾರಪ್ಪ? ಬಾಳ ಚೆನ್ನಾಗಿತ್ತು.”

“ನಾನೇ,” ಎಂದ ಕಿಶನ್ ಹೆಮ್ಮೆಯಿಂದ.

ದಾರಿಯಲ್ಲಿ ಚಲುವರಾಜು ಬಿರುಸಾಗಿ ನಡೆದು ಅವರ ಪಕ್ಕಕ್ಕೆ ಬಂದ. “ಜಯಕ್ಕ, ನಿಂಗೊಂದು ಮಾತು ಏಳ್ಬೇಕು...”

“ಮೂರು ಗಂಟೆಗೆ ಏಳುವಂತೆ. ನಡಿ.” ಅವರು ತಿರುಗಿ ನೋಡಲೇ ಇಲ್ಲ. ತಪ್ಪು ಮಾಡಿದವನಿಗೆ ಬೈಗುಳಕ್ಕಿಂತ ಕಾಯುವುದೇ ಕಷ್ಟ. ಜೇಬಿಗೆ ಕೈಹಾಕಿದರೆ ವಾರದ ಹಿಂದೆ ಹೆಂಡತಿ ಕೊಟ್ಟ ಚೀಟಿ ಸಿಕ್ಕಿತು. ಹೆರಿಗೆಗೆ ಬಂದಿರುವ ಮಗಳು ಮೇಘನಳಿಗೆ ಏನೋ ತರಬೇಕಂತೆ. ಈ ಗಡಿಬಿಡಿಯಲ್ಲಿ ಅದನ್ನು ಯಾರು ಓದುತ್ತಾರೆಂದು ಮತ್ತೆ ಜೇಬಿಗೇ ತುರುಕಿದ.

ಜಫರನ ಅಂಗಡಿಯ ಎದುರಿಗೆ ದ್ಯಾವಯ್ಯನ ಎಲೆಅಡಿಕೆ ಅಂಗಡಿ. ಜಯಲಕ್ಷ್ಮಮ್ಮ ಮುದುಕನನ್ನು ಕಲ್ಲಿನ ವಿಷಯ ಕೇಳಲೇ ಇಲ್ಲ.

“ದ್ಯಾವಯ್ಯ, ಮೆರವಣಿಗೆ ದಿನ ನಿಂಗೆ ಸೇಬು ಸಿಕ್ತಾ?”

“ಸಿಕ್ತು ಕಣವ್ವ! ಆರದ ಸೇಬಿಗೆ ಜನ ಮುಗಿಬೀಳೋಕೂ ಮುಂಚೇನೆ ಒಂದು ಜೀಪಿನ ಪಕ್ಕಕ್ಕೆ ಉರುಳ್ಕಂಡು ಬಂತು. ಏನ್ ಮಾಡ್ಲಿ, ಹಲ್ಲಿದ್ದಾಗ ಕಡ್ಲೆ ಇಲ್ಲ, ಕಡ್ಲೆ ಇದ್ದಾಗ ಹಲ್ಲಿಲ್ಲ. ಕುಂಕುಮ ಬೇರೆ ಅಂಟ್ಕಂಡಿತ್ತು, ದೇವ್ರ ಮುಂದೆ ಮಡಗಿವ್ನಿ.”

ಅವನು ತಂದು ತೋರಿಸಿದ ಸೇಬಿನ ನಡುವಿನಿಂದ ಕಟ್ಟುತಂತಿಯ ತುಂಡೊಂದು ಎರಡಂಗುಲ ಹೊರಗೆ ಚಾಚಿಕೊಂಡಿತ್ತು. ಜಯಲಕ್ಷ್ಮಮ್ಮ ಅದನ್ನು ಬರಿಗೈಯಲ್ಲಿ ಮುಟ್ಟದೆ ಪೇಪರಿನಲ್ಲಿ ಸುತ್ತಿಕೊಂಡರು.

ಮೂರು ಗಂಟೆಗೆ ಬೀದಿ ತುಂಬಿತು. ಸಂತೋಷ್ ಜಫರನನ್ನು ಜೀಪಿನಿಂದ ಇಳಿಸಿದರು. ಒಂದೇ ದಿನದಲ್ಲಿ ಅವನ ಮುಖ ಇಳಿದುಹೋಗಿತ್ತು. ದೇವರಾಜು, ಕಿಶನ್ ಬಂದಿದ್ದರು. ದಿಲ್ಷಾದ್ ಮುಚ್ಚಿದ ಅಂಗಡಿಯ ಬಾಗಿಲಿಗೆ ಒರಗಿ ನಿಂತಿದ್ದಳು.

“ಸಾಹೇಬ್ರೆ, ಬರಿಯೋಕೆ ಮುಂಚೆ ಒಂಚೂರು ಕೇಳಿ,” ಎಂದು ಜಯಲಕ್ಷ್ಮಮ್ಮ ಶುರುಮಾಡಿದರು. “ಗುರುವಾರ ಸಂಜೆ ಈ ಬೀದೀಲಿ ಯಾರ ಬಾಯಲ್ಲೂ ಕಲ್ಲಿಲ್ಲ. ವರದಿಯೊಳಗೂ ಇಲ್ಲ, ‘ಏನೋ ತಗುಲಿ’ ಅಂತದೆ. ಶುಕ್ರವಾರ ಬೆಳಿಗ್ಗೆ ಒಂದೇ ಒಂದು ಪೇಪರಿನ ತಲೆಬರದಲ್ಲಿ ಕಲ್ಲು ಬಂತು. ಹನ್ನೊಂದಕ್ಕೆ ದೂರಿಗೆ ಬಂತು. ದೂರಲ್ಲಿರೋವು ಕಿಶನ್ ಮಾತಲ್ಲ. ನಮ್ಮೂರಲ್ಲಿ ಕಿಡಿಗೇಡಿ ಅಂತ ಯಾರು ಬಯ್ತಾರೆ? ಬಯ್ಯೋಕೆ ಬ್ಯಾರೆ ಮಾತು ಬೇಕಾದಷ್ಟವೆ. ಪೇಪರ್ ನೋಡ್ಕಂಡು ಬರ್ದವ್ನೆ.”

ಜನ ನಕ್ಕರು. ಕಿಶನ್ ನಗಲಿಲ್ಲ.

“ಇನ್ನು ಫೋಟೋ. ಅರ್ಧ ಚಿತ್ರ ನೋಡಿದ್ರೆ ಜಫರ ಒಡೀತಾವ್ನೆ ಅನ್ಸುತ್ತೆ. ಪೂರ್ತಿ ನೋಡಿ. ಅಂಗೈ ಬಿಚ್ಕಂಡದೆ, ಮುಖ ಜೀಪಿನ ಕಡೀಕಿಲ್ಲ, ಕ್ರೇನಿನ ಕಡೀಕದೆ. ಆರ ಒಂದು ಮಗ್ಗುಲಿಗೆ ವಾಲ್ಕಂಡದೆ. ದೇವರಾಜಣ್ಣನ ತಲೆ ಮೇಲೆ ಇನ್ನೂ ಪೇಟ ಅದೆ, ಅಂದ್ರೆ ಏಟು ಬೀಳೋಕೂ ಮುಂಚಿನ ಚಿತ್ರ. ಜಫರ, ಆಗ ನೀನು ಏನಂತ ಕೂಗ್ತಿದ್ದೆ?”

“ಆರ ಜಾರ್ತಾ ಐತೆ, ನಿಲ್ಸಿ ಭಾಯಿ, ನಿಲ್ಸಿ ಅಂತ,” ಎಂದ ಜಫರ್. “ತಮಟೆ ಸದ್ದಲ್ಲಿ ಯಾರ್ಗೂ ಕೇಳ್ಲಿಲ್ಲ. ಟೇಸನ್ನಲ್ಲೂ ಏಳ್ದೆ.”

“ಆ ತಾರಸಿಯಿಂದ ಎಸೆದ್ರೆ ಕೆನ್ನೆಗೋ ಕಿವಿಗೋ ಬೀಳ್ಬೇಕು. ಗಾಯ ಇರೋದು ನಡುನೆತ್ತೀಲಿ. ನೆಟ್ಟಗೆ ಮೇಲಿಂದ ಬಿದ್ದದೆ. ಅಲ್ಲಿದ್ದದ್ದು ಆರ ಒಂದೇ.” ಅವರು ಪೇಪರಿನ ಪೊಟ್ಟಣ ಬಿಚ್ಚಿದರು. “ಬರೀ ಸೇಬಾಗಿದ್ರೆ ಬುಗುಟೆ ಬರೋದು. ನೆತ್ತರು ಬರ್ಸಿದ್ದು ಈ ತಂತಿ. ಕ್ರೇನಿನ ಕೊಕ್ಕೆಗೆ ಮೇಲ್ಗಡೆ ಸೇಬುಗಳ್ನ ತಂತೀಲಿ ಬಿಗಿದವ್ರೆ. ಅಂಟಿರೋ ನೆತ್ತರ್ನ ದ್ಯಾವಯ್ಯ ಕುಂಕುಮ ಅಂದ್ಕಂಡವ್ನೆ. ನೀವು ಪರೀಕ್ಷೆಗೆ ಕಳ್ಸಿ. ಅಲ್ಲೀಗಂಟ ಯಾಕೆ, ಕಿಶನ್ ಇಲ್ಲೇ ಅವ್ನೆ, ಕೇಳಿ.”

ದೇವರಾಜು ತಿರುಗಿ ನೋಡಿದ ನೋಟಕ್ಕೆ ಕಿಶನ್ ತಲೆ ತಗ್ಗಿಸಿದ. “ಬಿದ್ದಾಗ್ಲೇ ಗೊತ್ತಾಯ್ತಣ್ಣ. ನಾನು ಕಟ್ಸಿದ ಆರ ನಿಮ್ ತಲೆ ಒಡೀತು ಅಂತ ಎಂಗೇಳ್ಲಿ? ಬೆಳಿಗ್ಗೆ ಎದ್ರೆ ಪೇಪರಲ್ಲಿ ಕಲ್ಲು ಅಂತ ಬಂದಿತ್ತು. ಆ ಕಲ್ಲು ನಾನು ತಂದದ್ದಲ್ಲ. ಪೇಪರ್ನೋರು ತಂದ್ಕೊಟ್ರು, ನಾನು ಎತ್ಕಂಡೆ.”

“ಹಾಗಾದರೆ ಮೊದಲು ಕಲ್ಲು ಅಂದವರು ಯಾರು?” ಎಂದು ಕೇಳಿದರು ಸಂತೋಷ್.

ಜಯಲಕ್ಷ್ಮಮ್ಮ ಚೀಲದಿಂದ ಹಳೆಯ ಹಾಳೆ ತೆಗೆದರು. “ಇದು ಓದ್ವರ್ಸದ ತೀರವಾಣಿ. ಕೆ.ಆರ್.ಪೇಟೇಲಿ ಮೆರವಣಿಗೆ. ಒಳಗೆ ಅದೇ ಮಾತು, ‘ಹಾರ ಹಾಕುವ ವೇಳೆ ತಲೆಗೆ ಏನೋ ತಗುಲಿ ಸಣ್ಣ ಗಾಯ’. ಬಿದ್ದದ್ದು ಸೇಬು ಅಂತ ಆಮೇಲೆ ಊರೆಲ್ಲ ನಕ್ಕಿತ್ತು. ನಂಗೆ ಸೇಬಿನ ನೆಪ್ಪು ಬಂದದ್ದೇ ಇದ್ರಿಂದ. ತಲೆಬರ ನೋಡಿ, ‘ಅಭಿಮಾನದ ಭಾರಕ್ಕೆ ತತ್ತರಿಸಿದ ನಾಯಕ’. ಒಳಗಿನ ಮಾತು ಒಂದೇ, ತಲೆಬರ ಎರಡು. ಎರಡೂ ಬರ್ದದ್ದು ಒಂದೇ ಕೈ.”

ಅಷ್ಟು ಹೇಳಿ ಹಾಳೆ ಮಡಚಿದರು. ಹೆಸರು ಹೇಳಲಿಲ್ಲ, ಯಾರ ಕಡೆಗೂ ನೋಡಲಿಲ್ಲ. ಈಗಲೂ ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ ಎಂಬ ಆಸೆ ಒಂದು ಗಳಿಗೆ ಚಲುವರಾಜುವಿನ ಮನಸ್ಸಿನಲ್ಲಿ ಸುಳಿಯಿತು. ಆ ಆಸೆಗೇ ಅವನಿಗೆ ಹೇಸಿಗೆಯಾಯಿತು.

“ನಾನೇ,” ಎಂದು ಮುಂದೆ ಬಂದ. “ನಿನ್ನ ಪುಟ ಸಪ್ಪೆ ಅಂತ ಸಂಪಾದಕರು ಅಂದಿದ್ರು. ಅದ್ಕೇ ಬರ್ದೆ.”

“ಅಷ್ಟೇನಾ?” ಎಂದರು ಜಯಲಕ್ಷ್ಮಮ್ಮ ಮೆಲ್ಲಗೆ. “ಈ ಮೆರವಣಿಗೆ ನಮ್ಮ ಬೀದೀಲಿ ಓಗಿದ್ರೆ, ತಾರಸಿ ಮೇಲೆ ನಾನು ಕೈಯೆತ್ಕಂಡು ನಿಂತಿದ್ರೆ, ಕಲ್ಲು ಅಂತ ಬರೀತಿದ್ದಾ?”

“ಇಲ್ಲ ಜಯಕ್ಕ. ಬೀದಿ ಎಸ್ರು ನೋಡ್ದೆ, ಫೋಟೋದಲ್ಲಿ ಜಫರ್‌ನ ಟೋಪಿ ನೋಡ್ದೆ. ಕಲ್ಲು ಅಂತ ತಾನಾಗೇ ಬಂದ್ಬುಡ್ತು. ಯಾರ್ನೂ ಕೇಳ್ಬೇಕು ಅಂತಾನೂ ಅನ್ನಿಸ್ಲಿಲ್ಲ.”

ಸಂತೋಷ್ ಕಿಶನ್‌ನನ್ನು ಜೀಪು ಹತ್ತಿಸಿ, ಜಫರನನ್ನು ಬಿಟ್ಟುಬಿಟ್ಟರು. ಜಫರ್ ಬೀಗ ತೆಗೆದು ಅಂಗಡಿಯೊಳಗೆ ಹೋದ.

ಸೋಮವಾರ ‘ತೀರವಾಣಿ’ಯ ಏಳನೇ ಪುಟದಲ್ಲಿ ನಾಲ್ಕು ಸಾಲಿನ ತಿದ್ದುಪಡಿ ಬಂತು. ಮೊದಲ ಪುಟದಲ್ಲೇ ಹಾಕಿ ಎಂದು ಚಲುವರಾಜು ಎಷ್ಟು ಬೇಡಿಕೊಂಡರೂ ಸಂಪಾದಕರು ಒಪ್ಪಿರಲಿಲ್ಲ. “ತಪ್ಪಿಗೆ ಅಂಗೈಯಗಲ, ಸರಿ ಮಾಡೋಕೆ ಇರುವೆ ಗಾತ್ರ,” ಎಂದರು ಜಯಲಕ್ಷ್ಮಮ್ಮ. ಅವನು ಪತ್ರಿಕೆಯ ಕಟ್ಟು ಎತ್ತಿಕೊಂಡು ಆ ಬೀದಿಯ ಮನೆಮನೆಗೂ ಹೋದ. ಏಳನೇ ಪುಟ ಬಿಚ್ಚಿ, “ಕಲ್ಲು ಇರ್ಲಿಲ್ಲ, ನಾನು ಬರ್ದದ್ದು ಸುಳ್ಳು,” ಎಂದು ಬಾಯಲ್ಲೇ ಹೇಳಿದ. ಕೆಲವರು ಬೈದರು, ಕೆಲವರು ಬಾಗಿಲು ಹಾಕಿಕೊಂಡರು.

ಕೊನೆಗೆ ಉಳಿದದ್ದು ಹಾಸಿಗೆ ಅಂಗಡಿ. ಜಫರ್ ಸೂಜಿ ಹಿಡಿದು ಕೂತಿದ್ದ. ಚಲುವರಾಜು ಹೇಳುವುದನ್ನೆಲ್ಲ ಹೇಳಿ ಮುಗಿಸುವವರೆಗೆ ಅವನು ತಲೆ ಎತ್ತಲಿಲ್ಲ. ಆಮೇಲೆ ಎದ್ದು, ಮೂಲೆಯಲ್ಲಿ ಸುತ್ತಿಟ್ಟಿದ್ದ ಹೊಸ ಹಾಸಿಗೆಯನ್ನು ತಂದು ಅವನ ಮುಂದಿಟ್ಟ.

“ತಗೊಂಡೋಗಿ. ನಿಮ್ಮನೆಯೋರು ಏಳಿದ್ದು. ನಿಮ್ ಕೈಲಿ ಚೀಟಿ ಕಳಿಸ್ತೀನಿ ಅಂದಿದ್ರು.”

ಚಲುವರಾಜು ಜೇಬಿನ ಚೀಟಿ ತೆಗೆದು ಬಿಡಿಸಿದ. ‘ಜಫರ್ ಅಂಗಡಿ, ಮೇಘನಂಗೆ ಬೂರಗದ ಹತ್ತಿ ಹಾಸಿಗೆ, ಶನಿವಾರದೊಳಗೆ’ ಎಂದಿತ್ತು. ಮೆರವಣಿಗೆಯ ದಿನ ತಾರಸಿಯ ಮೇಲೆ ಒಣಗುತ್ತಿದ್ದದ್ದು ಅವನ ಮನೆಯ ಹತ್ತಿ.

“ಎರಡು ಸಲ ಹಿಂಜಿವ್ನಿ,” ಎಂದ ಜಫರ್, ಮತ್ತೆ ಸೂಜಿ ಹಿಡಿಯುತ್ತಾ. “ಎಲ್ಲೂ ಗಂಟಿಲ್ಲ. ಬಾಣಂತಿ ಬೆನ್ನಿಗೆ ಒತ್ತಬಾರ್ದಲ್ಲ.”

ಚಲುವರಾಜು ಹಾಸಿಗೆಯನ್ನು ತಲೆಯ ಮೇಲೆ ಹೊತ್ತು, ತಾನು ಕಲ್ಲು ಬೀಳಿಸಿದ ಆ ಬೀದಿಯುದ್ದಕ್ಕೂ ನಡೆದು ಮನೆಗೆ ಹೋದ.