ಕನ್ನಡಿಯ ಬೆನ್ನಿಗೆ ಹೆಸರು ಕೆತ್ತಿದ ಚೆನ್ನೋಜ

ಬಹಳ ಬಹಳ ಹಿಂದೆ, ಬೆಟ್ಟಗಳು ಇನ್ನೂ ತಂತಮ್ಮ ಜಾಗ ಹುಡುಕಿಕೊಳ್ಳುತ್ತಿದ್ದ ಕಾಲದಲ್ಲಿ, ಮಿರುಗಾವತಿ ಎಂಬ ರಾಜ್ಯವಿತ್ತು. ಅಲ್ಲೊಂದು ಕಂಚುಗಾರರ ಬೀದಿ. ಸುಮ್ಮನೆ ಬೀದಿಯಲ್ಲ, ಅಲ್ಲಿ ಬಡಿದ ಹಂಡೆಯೊಂದರಲ್ಲಿ ಆನೆಯೊಂದು ಮೂರು ದಿನ ಈಜಿ, ದಡ ಸಿಗದೆ ಘೀಳಿಟ್ಟಿತ್ತು. ಅಲ್ಲಿನ ಸುತ್ತಿಗೆಯ ಸದ್ದಿಗೆ ಸಿಡಿಲು ನಾಚಿ ಪಕ್ಕದ ಊರಿಗೆ ಹೋಗಿ ಬೀಳುತ್ತಿತ್ತು. ಆ ಬೀದಿಯ ಹುಡುಗ ಚೆನ್ನೋಜ. ಪಾತ್ರೆಗೆ ಹೆಸರು ಕೆತ್ತುವುದರಲ್ಲಿ ಅವನಿಗೆ ಅವನೇ ಸಾಟಿ. ಸಾಸಿವೆ ಕಾಳಿನ ಮೇಲೆ ಅದನ್ನು ಬಿತ್ತಿದವನ ಏಳು ತಲೆಮಾರಿನ ಹೆಸರು ಕೆತ್ತಿ, ಇನ್ನೂ ಜಾಗ ಉಳಿಸುತ್ತಿದ್ದ.

ಅದೇ ರಾಜ್ಯದಲ್ಲಿ ಥಳುಕುರಾಯನೆಂಬ ಮಾಂತ್ರಿಕನೂ ಇದ್ದ. ಅಂಗೈಯಗಲದ ಮಾಯಾಗನ್ನಡಿ ಮಾಡುವುದು ಅವನ ಕಸುಬು. ಅದರಲ್ಲಿ ದೂರದವರ ಮುಖ ಕಾಣುತ್ತಿತ್ತು, ಮಾತು ಕೇಳುತ್ತಿತ್ತು. ಬೆಲೆ ಒಂದು ವರ್ಷದ ನಿದ್ದೆ. ಪ್ರತಿ ಯುಗಾದಿಗೆ ಹೊಸ ಕನ್ನಡಿ ಬರುತ್ತಿತ್ತು. ಅದು ಬಂದ ಗಳಿಗೆಗೇ ಹಳೆಯದು ಕುರುಡಾಗುತ್ತಿತ್ತು. ಜನ ಆಕಳಿಸುತ್ತಲೇ ಸಾಲು ನಿಲ್ಲುತ್ತಿದ್ದರು. ಮಹಾರಾಜರಂತೂ ತಿಂಗಳ ಮುಂಚೆಯೇ ಸಿಂಹಾಸನವನ್ನು ಸಾಲಿನ ತಲೆಗೆ ಹಾಕಿಸಿ, ರಾಜ್ಯಭಾರವನ್ನು ಅಲ್ಲಿಂದಲೇ ನಡೆಸುತ್ತಿದ್ದರು.

ಚೆನ್ನೋಜನ ತಾಯಿ ಕಾಳವ್ವ ಮೂರು ಕನ್ನಡಿಗೆ ಮೂರು ವರ್ಷದ ನಿದ್ದೆ ಕೊಟ್ಟಿದ್ದಳು. ಮಗಳು ನಾಗವ್ವ ಏಳು ಬೆಟ್ಟದಾಚೆ ಗಂಡನ ಮನೆಯಲ್ಲಿದ್ದಳು. ಚೊಚ್ಚಲ ಬಸುರಿ, ದಿನ ತುಂಬಿತ್ತು. ಅವ್ವನ ಮುಖ ಕಾಣದೆ ಹೆರಲಾರೆ ಎಂದು ಕನ್ನಡಿಯಲ್ಲಿ ದಿನವೂ ಅಳುತ್ತಿದ್ದಳು. ಯುಗಾದಿಗೆ ಒಂಬತ್ತೇ ದಿನ. ಇನ್ನೊಂದು ವರ್ಷದ ನಿದ್ದೆ ಕೊಟ್ಟರೆ ಕಾಳವ್ವ ಉಳಿಯುವುದಿಲ್ಲವೆಂದು ಪಂಡಿತರು ಕೈಚೆಲ್ಲಿದ್ದರು. ಆದರೂ ಅವಳು ಸೀರೆಯುಟ್ಟು ಸಾಲಿಗೆ ಹೊರಟೇಬಿಟ್ಟಳು.

ಚೆನ್ನೋಜ ತಾಯಿಯನ್ನು ಕೂರಿಸಿ, ಉಳಿ ಸುತ್ತಿಗೆ ಸೊಂಟಕ್ಕೆ ಸಿಕ್ಕಿಸಿದ. ಹಳೆಯದು ಕುರುಡಾಗುವುದು ಹೇಗೆಂದು ಮಾಂತ್ರಿಕನ ಮನೆಗೇ ಹೋಗಿ ನೋಡಿಬರಲು ಅವಳ ಕನ್ನಡಿಯನ್ನೂ ಎತ್ತಿಕೊಂಡ.

"ಹುಷಾರು ಮಗಾ, ಗೀರು ಬಿದ್ದೀತು," ಎಂದು ಕಾಳವ್ವ ಅದಕ್ಕೆ ಮೂರು ಸುತ್ತು ರೇಷ್ಮೆ ಸುತ್ತಿ ಕೊಟ್ಟಳು.

ಮಾಂತ್ರಿಕನ ಮೊದಲ ಬಾಗಿಲಲ್ಲಿ ಸಾವಿರ ಕೊಕ್ಕಿನ ಗಿಳಿ. ಹೊಸ ಕನ್ನಡಿ ಎಳ್ಳಿನಷ್ಟು ತೆಳು, ಬಣ್ಣ ಎಳೆ ಬದನೆಕಾಯಿಯದು, ಅದರಲ್ಲಿ ಚಂದ್ರ ಇನ್ನೂ ದಪ್ಪ ಕಾಣುತ್ತಾನೆ ಎಂದು ಅದು ಒದರಿದರೆ, ಕೇಳಿದವರು ಬುದ್ಧಿ ಕಳೆದುಕೊಂಡು ಸಾಲಿಗೆ ಓಡಬೇಕು. ಕಂಚುಗಾರರ ಬೀದಿಯಲ್ಲಿ ಹುಟ್ಟಿದ ಕಿವಿಗೆ ಅದೆಲ್ಲ ಸೊಳ್ಳೆಯ ಸದ್ದು. ಹೋದ ವರ್ಷದ ಕನ್ನಡಿ ಹೇಗಿದೆ ಎಂದು ಚೆನ್ನೋಜ ಕೇಳಿದ. ಅದು ಕಸ ಎಂದಿತು ಗಿಳಿ. ಹೋದ ವರ್ಷ ಅದಕ್ಕೆ ಏನೆಂದಿದ್ದೆ ಎಂದ. ಮೂರು ಲೋಕದಲ್ಲಿಲ್ಲದ್ದು ಎಂದಿದ್ದೆ ಅಂತ ಐನೂರು ಕೊಕ್ಕು, ಕಸ ಅಂತ ಐನೂರು ಕೊಕ್ಕು ಒಟ್ಟಿಗೇ ಕೂಗಿ, ಗಿಳಿಗೆ ಬಿಕ್ಕಳಿಕೆ ಹತ್ತಿತು. ಚೆನ್ನೋಜ ದಾಟಿದ.

ಎರಡನೆಯ ಬಾಗಿಲು ಕಾರ್ಖಾನೆಯದು. ಅಲ್ಲೊಂದು ಹುಲಿ. ಕನ್ನಡಿ ಬಿಚ್ಚಿದವರನ್ನು ತಿನ್ನುವುದೇ ಅದರ ಕೆಲಸ. ತಾನು ಬಿಚ್ಚುವವನಲ್ಲ, ಬಡಿದು ಕೇಳುವವನು ಎಂದ ಚೆನ್ನೋಜ. ಬಿರುಕು ಬಿಟ್ಟ ಕೊಡವನ್ನು ಕಂಚುಗಾರರು ಬೆರಳ ಗೆಣ್ಣಿನಿಂದ ತಟ್ಟಿಯೇ ಹೇಳುತ್ತಾರಲ್ಲ, ಹಾಗೆ. ಅವ್ವನ ಕನ್ನಡಿಯನ್ನು ತಟ್ಟಿದ. ಒಳಗೆ ಗುಂಯ್ ಎಂದು ಮಿಂಚುಹುಳವೊಂದು ರೆಕ್ಕೆ ಬಡಿಯಿತು. ರಾಶಿ ಬಿದ್ದಿದ್ದ ಹೊಸ ಕನ್ನಡಿ ತಟ್ಟಿದ, ಟೊಳ್ಳು. ಇನ್ನೊಂದು ತಟ್ಟಿದ, ಅದೂ ಟೊಳ್ಳು. ಹಳೆಯದರ ಹುಳವನ್ನೇ ಕರೆದು ಹೊಸದಕ್ಕೆ ತುಂಬುವುದು ಮಾಂತ್ರಿಕನ ಗುಟ್ಟೆಂದು ಅವನಿಗೆ ಹೊಳೆಯಿತು. ತಿನ್ನಲು ಕಾರಣವೇ ಸಿಗದೆ ಹುಲಿ ಮುಖ ಸಪ್ಪಗೆ ಮಾಡಿ ಮಲಗಿತು.

ಮೂರನೆಯ ಬಾಗಿಲಲ್ಲಿ ಥಳುಕುರಾಯನೇ ಕೂತಿದ್ದ. ನಲವತ್ತು ಮಾರು ಉದ್ದದ ಒಪ್ಪಂದದ ಸುರುಳಿಯನ್ನು ಮುಂದೆ ಎಸೆದ.

"ಯಾರೂ ಓದೋದಿಲ್ಲಪ್ಪ. ಕೊನೆಗೆ ಹೆಬ್ಬೆಟ್ಟು ಒತ್ತಿ ಮುಂದೆ ಹೋಗು."

"ತಳ ನೋಡದೆ ನಾವು ಸೌಟನ್ನೂ ಕೊಳ್ಳೋದಿಲ್ಲ ಸ್ವಾಮಿ. ಒಂದು ಲೋಟ ಮಜ್ಜಿಗೆ ಕೊಡಿಸಿ."

ಮೂರು ಹಗಲು ಓದಿದ. ಮೂವತ್ತೇಳನೆಯ ಮಾರಿನಲ್ಲಿ ಇರುವೆಗಣ್ಣಿನಷ್ಟು ಸಣ್ಣ ಅಕ್ಷರ: ಕನ್ನಡಿಯ ಬೆನ್ನ ಮೇಲೆ ಯಾರ ಹೆಸರು ಕೆತ್ತಿದೆಯೋ ಒಳಗಿನ ಹುಳ ಅವರ ಮಾತು ಕೇಳತಕ್ಕದ್ದು; ಹೆಸರಿಲ್ಲದಿದ್ದರೆ ಥಳುಕುರಾಯನ ಮಾತು.

ಚೆನ್ನೋಜ ಹಣೆ ಚಚ್ಚಿಕೊಂಡ. ಮಿರುಗಾವತಿಯ ಜನ ಚೊಂಬಿಗೆ ಹೆಸರು ಕೆತ್ತಿಸಿದ್ದರು, ತಟ್ಟೆಗೆ ಕೆತ್ತಿಸಿದ್ದರು, ಸಕ್ಕರೆ ಡಬ್ಬಿಯ ಚಮಚಕ್ಕೂ ಕೆತ್ತಿಸಿದ್ದರು. ನಿದ್ದೆ ಕೊಟ್ಟು ತಂದ ಕನ್ನಡಿಯನ್ನು ಮಾತ್ರ ಗೀರು ಬಿದ್ದೀತೆಂದು ರೇಷ್ಮೆಯಲ್ಲಿ ಸುತ್ತಿಟ್ಟಿದ್ದರು. ಅವನು ರೇಷ್ಮೆ ಬಿಚ್ಚಿ, ಉಳಿ ಇಟ್ಟ.

"ಅದರ ಹೊಳಪು ಹಾಳಾಗುತ್ತೋ," ಎಂದು ಥಳುಕುರಾಯ ಎದ್ದು ಬರುವಷ್ಟರಲ್ಲಿ, ಚುಕ್ಕೆ ಚುಕ್ಕೆಯಾಗಿ 'ಕಾಳವ್ವ' ಮೂಡಿತ್ತು.

ಚೆನ್ನೋಜ ಹೊರಗೆ ಬಂದು ಬೀದಿಗೆ ಹೇಳಿಕಳಿಸಿದ. ಇಡೀ ಕಂಚುಗಾರರ ಬೀದಿ ಉಳಿ ಹಿಡಿದು ಎದ್ದಿತು. ನಾಲ್ಕೇ ದಿನದಲ್ಲಿ ರಾಜ್ಯದ ಒಂದು ಕನ್ನಡಿಯೂ ಹೆಸರಿಲ್ಲದೆ ಉಳಿಯಲಿಲ್ಲ. ಮಹಾರಾಜರ ಬಿರುದುಗಳಿಗೆ ಜಾಗ ಸಾಲದೆ, ಉಳಿದದ್ದನ್ನು ಸಿಂಹಾಸನದ ಕಾಲಿಗೆ ಕೆತ್ತಬೇಕಾಯಿತು.

ಯುಗಾದಿಯ ಬೆಳಿಗ್ಗೆ ಥಳುಕುರಾಯ ಜಗಲಿಯೇರಿ ಹುಳಗಳನ್ನು ಕರೆದ. ಒಂದೂ ಬರಲಿಲ್ಲ. ಮತ್ತೆ ಕರೆದ. ಮೂರನೆಯ ಸಲ ಗಂಟಲೇ ಬಿದ್ದುಹೋಯಿತು. ಮಹಾರಾಜರು ಹೊಸ ಕನ್ನಡಿಯನ್ನು ಅತ್ತಿತ್ತ ತಿರುಗಿಸಿ, "ಇದರಲ್ಲಿ ನಮ್ಮ ಮೀಸೆಯೂ ಕಾಣುತ್ತಿಲ್ಲವಲ್ಲಯ್ಯ," ಎಂದರು. ಅಷ್ಟೇ. ಮಾಂತ್ರಿಕನ ಮಂತ್ರ ಮುರಿಯಿತು. ನಿದ್ದೆ ತುಂಬಿಟ್ಟಿದ್ದ ಗಡಿಗೆಗಳು ಸಾಲಾಗಿ ಒಡೆದವು. ಬಿಳಿ ಹತ್ತಿಯಂತೆ ಹಾರಿದ ನಿದ್ದೆ ತಂತಮ್ಮವರ ಮನೆ ಹುಡುಕಿ ಹೊರಟಿತು.

ಕಾಳವ್ವನ ನಿದ್ದೆ ಹೊಸ್ತಿಲಿಗೆ ಬಂದಾಗ, ಅವಳ ಕನ್ನಡಿಯಲ್ಲಿ ಮಗುವಿನ ಅಳು ಕೇಳುತ್ತಿತ್ತು. ನಾಗವ್ವ ಬೆವರಿದ ಮುಖದಲ್ಲಿ ನಗುತ್ತ, ಕೂಸಿಗೆ ಏನು ಹೆಸರಿಡಲವ್ವ ಎಂದು ಕೇಳಿದಳು.

"ಎದ್ದ ಮೇಲೆ ಹೇಳ್ತೀನಿ ಮಗಳೇ," ಎಂದವಳೇ ಕಾಳವ್ವ ಕೂತಲ್ಲೇ ಒರಗಿದಳು.

ರಾಜ್ಯಕ್ಕೆ ರಾಜ್ಯವೇ ಹದಿನೆಂಟು ದಿನ ಮಲಗಿತು. ಗೊರಕೆಗೆ ಮೋಡಗಳು ಹಿಂದಕ್ಕೆ ಮುಂದಕ್ಕೆ ಹೋದವು. ಎದ್ದ ಮೇಲೆ ಥಳುಕುರಾಯನನ್ನು ಕಂಚುಗಾರರ ಬೀದಿಯಲ್ಲಿ ಹುಣಸೆಹಣ್ಣು ಹಾಕಿ ಪಾತ್ರೆ ತಿಕ್ಕಲು ಕೂರಿಸಿದರು. ಹೊಳಪು ತರುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ, ಆ ಮಾತು ಒಪ್ಪಬೇಕು. ಎಲ್ಲರೂ ಹೊಟ್ಟೆ ತುಂಬ ಉಂಡು, ಕಣ್ಣು ತುಂಬ ನಿದ್ದೆ ಮಾಡಿ ಸುಖವಾಗಿದ್ದರು. ನಂಬಿಕೆ ಬರದವರು ತಮ್ಮ ಮನೆಯ ಹಳೇ ಚೊಂಬನ್ನು ತಿರುಗಿಸಿ ನೋಡಲಿ. ಚುಕ್ಕೆ ಚುಕ್ಕೆಯಾಗಿ ಒಂದು ಹೆಸರಿರುತ್ತದೆ. ಅದು ಚೆನ್ನೋಜನ ಬೀದಿಯವರ ಕೈ.