ಆಯಿಯ ಖೋಲಿಯ ಸಪ್ಪಳ

“ಮತ್ತ ಕೇಳಿಸ್ತು!” ಭುವನಾ ಪೆನ್ಸಿಲ್ ಕೆಳಗಿಟ್ಟಳು.

ಮುಚ್ಚಿದ ಖೋಲಿಯಿಂದ ಚಿಟಕ್, ಚಿಟಕ್ ಎಂಬ ಸಪ್ಪಳ. ಒಣಮೆಣಸಿನಕಾಯಿಯ ತೊಟ್ಟು ಮುರಿಯುವ ಸಪ್ಪಳವದು. ಬ್ಯಾಡಗಿಯ ಮಕ್ಕಳಿಗೆ ಅದನ್ನು ಯಾರೂ ಹೇಳಿಕೊಡಬೇಕಿಲ್ಲ. ಆದರೆ ಆ ಮನೆಯಲ್ಲಿ ತೊಟ್ಟು ಮುರಿಯುತ್ತಿದ್ದವಳು ಅವಳ ಅಜ್ಜಿ, ಆಯಿ, ಒಬ್ಬಳೇ. ಆಯಿ ಶಿವನ ಪಾದ ಸೇರಿ ಹದಿನೈದು ದಿನವಾಗಿತ್ತು.

ಅಣ್ಣ ಕಲ್ಲೇಶ ಅವಳ ನೋಟ್‌ಬುಕ್ಕಿಗೆ ಬೆರಳು ತೋರಿಸಿದ. “ನಿಮ್ಮ ಟೀಚರ್ ಇವತ್ತ ಇಂಗ್ಲಿಷ್ ಪಾಠದಾಗ ಬರೆಸ್ಯಾರಲ್ಲ, ಓವರ್‌ಆಕ್ಟಿವ್ ಇಮ್ಯಾಜಿನೇಶನ್. ಅದ ನಿಂದು!”

ಬೆಳಿಗ್ಗೆ ಕ್ಲಾಸಿನಲ್ಲಿ ಈ ಸಪ್ಪಳದ ಸುದ್ದಿ ಹೇಳಿದಾಗ ಟೀಚರ್ “ವಿವಿಡ್ ಇಮ್ಯಾಜಿನೇಶನ್” ಎಂದು ಬೆನ್ನು ತಟ್ಟಿದ್ದರು. ಗೆಳತಿ ಶ್ರೀವಾಣಿ “ವೈಲ್ಡ್ ಇಮ್ಯಾಜಿನೇಶನ್” ಎಂದು ನಕ್ಕಿದ್ದಳು. ‘ಖರೇ’ ಎಂದು ಮಾತ್ರ ಯಾರೂ ಅನ್ನಲಿಲ್ಲ.

“ಕಿವಿಗೂ ಇಮ್ಯಾಜಿನೇಶನ್ ಇರತೈತೇನ?”

“ನಿನಗ ಮೂಗಿಗೂ ಐತಿ. ನಿನ್ನೆ ಆಯಿ ಎಲಿ-ಅಡಿಕಿ ವಾಸನಿ ಬಂತು ಅಂದಿ!”

“ಹಂಗಾರ ನೀನ ಬಾಗ್ಲಾ ತಗಿ.”

“ನನಗ... ಹೋಮ್‌ವರ್ಕ್ ಐತಿ.”

ಅಷ್ಟರಲ್ಲಿ ಕರೆಂಟ್ ಹೋಯಿತು. ಮುಸ್ಸಂಜೆಯ ಮಬ್ಬು ಮನೆಯೊಳಗೆ ಹರಡಿತು. ಸಪ್ಪಳ ನಿಂತಿತು. ಮತ್ತೆ, ಚಿಟಕ್.

ಭುವನಾ ಮನಸ್ಸಿನಲ್ಲೇ ಶಿವನನ್ನು ನೆನೆದು ಎದ್ದಳು. ಒಳಗೆ ಆಯಿ ಇದ್ದರೆ? ಇಲ್ಲದಿದ್ದರೆ? ಯಾವುದಕ್ಕೆ ಹೆಚ್ಚು ಹೆದರಬೇಕೋ ಅವಳಿಗೆ ತಿಳಿಯಲಿಲ್ಲ. ಬಾಗಿಲು ನೂಕಿದಳು.

ಘಾಟು ಮೂಗಿಗೆ ಬಡಿಯಿತು. ಆಯಿಯ ಕೌದಿ ಹೊದ್ದು ಯಾರೋ ನೆಲದ ಮೇಲೆ ಕುಳಿತಿದ್ದರು.

“ಆಯೀ...”

ತಲೆ ಮೆಲ್ಲಗೆ ತಿರುಗಿತು. ಅದು ಅಜ್ಜ! ಈ ಹೊತ್ತಿಗೆ ಅವನು ಗುಡಿಯಲ್ಲಿರುತ್ತಾನೆಂದೇ ಅವಳು ತಿಳಿದಿದ್ದಳು.

ಮಾರುಕಟ್ಟೆಯಲ್ಲಿ ಜೀವನವಿಡೀ ಚೀಲ ಹೊತ್ತವನು ಅಜ್ಜ. ತೊಟ್ಟು ಮುರಿಯುವುದು ಹೆಂಗಸರ ಕೆಲಸವೆಂದು ಆಯಿಯನ್ನು ಛೇಡಿಸುತ್ತಿದ್ದ. ಈಗ ಅವನ ಒರಟು ಬೆರಳಿಗೆ ಸಿಕ್ಕ ಕಾಯಿಗಳೆಲ್ಲ ಹರಿದು, ಬೀಜ ನೆಲದ ತುಂಬ ಚೆಲ್ಲಿದ್ದವು. ಎದುರಿಗೆ ಆಯಿ ಕೂರುತ್ತಿದ್ದ ಮಣೆ ಖಾಲಿ ಇತ್ತು.

“ದಿನಾ ಸಪ್ಪಳ ಮಾಡಾವ ನೀನೇನ ಅಜ್ಜಾ?”

“ಹೂಂನವ್ವಾ. ಮನಿ ಭಾಳ ಸುಮ್ಮನಾಗಿತ್ತು.” ಅಜ್ಜ ದನಿ ತಗ್ಗಿಸಿದ. “ಒಮ್ಮೊಮ್ಮೆ ನಾ ಕೈ ನಿಲ್ಲಿಸಿದ್ರೂ ಎದುರಿನ ಮಣಿ ಕಡೆಯಿಂದ ಕೇಳಿಸತೈತಿ. ನಿನಗೂ ಕೇಳಿಸತೈತೇನ, ನೋಡು.”

ಅವನು ಕೈ ನಿಲ್ಲಿಸಿದ. ಇಬ್ಬರೂ ಕಿವಿಗೊಟ್ಟರು. ದೂರದಲ್ಲಿ ರೈಲು ಹೋದ ಸದ್ದು, ಅಷ್ಟೇ.

‘ಇಲ್ಲ’ ಎನ್ನಲು ಭುವನಾ ಬಾಯಿ ತೆರೆದಳು. ಅಜ್ಜ ಅವಳ ಮುಖವನ್ನೇ ನೋಡುತ್ತಿದ್ದ. ಬಾಯಿ ಮುಚ್ಚಿದಳು.

ಖಾಲಿ ಮಣೆಯನ್ನು ದಾಟದೆ, ಅದನ್ನು ಸುತ್ತಿ ಹೋಗಿ ಅವನ ಪಕ್ಕದಲ್ಲಿ ಕುಳಿತಳು.

“ಇನ್ನೊಂದ್ ಸ್ವಲ್ಪ ಹೊತ್ತು ಕುಂತು ಕೇಳೋಣ ಅಜ್ಜಾ,” ಎಂದಳು.